ಹೆಂಡತಿಗೆ ಹೇಳಿಕೊಟ್ಟ ಪಾಸ್‌ವರ್ಡ್

ತೇನಿಯ ಆಸ್ಪತ್ರೆಯಲ್ಲಿ ನನ್ನ ಹೃದಯದ ಆಪರೇಷನ್‌ಗೆ ಇನ್ನೆರಡೇ ದಿನ ಉಳಿದಿತ್ತು. ಬೋಡಿನಾಯಕನೂರಿನ ಮನೆಯಲ್ಲಿ ಕೂತು, ನನ್ನ ತಲೆಯಲ್ಲಷ್ಟೇ ಇದ್ದ ಬ್ಯಾಂಕ್ ಲಾಗಿನ್, ಕಾರ್ಡ್ ವಿವರಗಳನ್ನೆಲ್ಲ ಮೊಬೈಲಿನ ಪಾಸ್‌ವರ್ಡ್ ಆ್ಯಪ್‌ಗೆ ತುಂಬಿಸಿದೆ. ಒಂದೇ ಕಾರ್ಡಿನ ಸಂಖ್ಯೆಯನ್ನು ಮೂರು ಸಲ ತಪ್ಪಾಗಿ ಒತ್ತಿದೆ. ಆಮೇಲೆ ಹೆಂಡತಿಯನ್ನು ಕರೆದು, ಆ್ಯಪ್ ತೆರೆಯುವ ಪಾಸ್‌ವರ್ಡನ್ನು ಎರಡು ಸಲ ಹೇಳಿದೆ.

"ಇದೆಲ್ಲ ನಂಗೇನಕ್ಕೆ? ನೀವೇ ಬಂದು ನೋಡ್ಕೊಳ್ಳೋದು ತಾನೆ!" ಎಂದು ಅವಳು ಮುಖ ತಿರುಗಿಸಿದಳು.

"ಬರ್ತೀನಿ. ಆದ್ರೂ ಒಂದ್ಸಲ ತೆಗ್ದು ತೋರ್ಸು."

ಅವಳು ಮೊಬೈಲ್ ಮುಟ್ಟಲಿಲ್ಲ.

ಆಪರೇಷನ್ ದಿನ ನನ್ನನ್ನು ಒಳಗೆ ಕರೆದೊಯ್ಯುವಾಗ ಅವಳು ಬಗ್ಗಿ, ಆ ಪಾಸ್‌ವರ್ಡನ್ನು ಒಂದಕ್ಷರವೂ ತಪ್ಪದೆ ನನ್ನ ಕಿವಿಯಲ್ಲಿ ಹೇಳಿದಳು.

ನಾನು ಬದುಕಿ ಬಂದೆ. ಆ ಆ್ಯಪನ್ನು ಅವಳು ಇವತ್ತಿಗೂ ತೆರೆದಿಲ್ಲ.