ಕಾಕ ಸೇರಿಸಿದ ಕೊನೆಯ ಮಾತು

ಲ್ಯಾಪ್‌ಟಾಪಿನ ಪರದೆ ಒರೆಸಲು ಹತ್ತಿಗೆ ಸ್ಪಿರಿಟ್ ಹಾಕಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರು ಪಾಣೆಮಂಗಳೂರಿನ ವೀಡಿಯೋ ಕ್ಯಾಸೆಟ್ ಅಂಗಡಿಯ ಕಾಕ ನೆನಪಾದರು. ಮಳೆಗಾಲದಲ್ಲಿ ಟೇಪಿಗೆ ಬೂಸ್ಟು ಹಿಡಿದರೆ ಅವರು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಇಂಚಿಂಚೇ ಒರೆಸುತ್ತಾ ಕೂರುತ್ತಿದ್ದರು. ನಾನೀಗ ಕುಳಿತದ್ದು ಒಂದು ಜಾಲತಾಣಕ್ಕೆ ವಿಮರ್ಶೆ ಬರೆಯಲು. ಬಾಹ್ಯಾಕಾಶದಲ್ಲಿ ಹೋರಾಡುವ ಯಂತ್ರಮಾನವನ ಹಳೆಯ ಜಪಾನಿ ಕಾರ್ಟೂನು, ಅದರ ಒಂದೇ ಒಂದು ಕಂತು. ಅದನ್ನು ನಾನು ಮೊದಲು ನೋಡಿದ್ದು ಕಾಕನ ಅಂಗಡಿಯಲ್ಲಿ...

ಕಾಕ ಹನ್ನೆರಡು ವರ್ಷ ಸೌದಿಯಲ್ಲಿದ್ದವರು. ಅಲ್ಲಿನ ಟೀವಿಯಿಂದ ಈ ಸರಣಿಯನ್ನು ರೆಕಾರ್ಡ್ ಮಾಡಿ ತಂದಿದ್ದರು. ಮಾತೆಲ್ಲ ಅರಬಿ. ಆದಿತ್ಯವಾರ ಮಧ್ಯಾಹ್ನ ನಾವು ಮಕ್ಕಳು ನೆಲದಲ್ಲಿ ಕೂತರೆ ಅವರು ಟೀವಿಯ ಪಕ್ಕ ನಿಂತು ಅರ್ಥ ಹೇಳುತ್ತಿದ್ದರು. ಯಂತ್ರಮಾನವನಿಗೆ ಯಕ್ಷಗಾನದ ರಾಜನ ಕನ್ನಡ, ಅದರೊಳಗೆ ಕೂತು ಓಡಿಸುವ ಹುಡುಗನಿಗೆ ನಮ್ಮ ತುಳು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆವು. ಈ ಕಂತಿಗೆ ಮಾತ್ರ ಯಾರೂ ನಗುತ್ತಿರಲಿಲ್ಲ. ಹುಡುಗ ಯುದ್ಧ ಬಿಟ್ಟು ತನ್ನ ಗ್ರಹಕ್ಕೆ ಮರಳುತ್ತಾನೆ, ಕೆಳಗೆ ಎಲ್ಲ ಕತ್ತಲು. ಆಗ ರೇಡಿಯೋದಲ್ಲಿ ಒಂದು ಹೆಣ್ಣುದನಿ. ಕಾಕ ಮೆಲ್ಲಗೆ ಹೇಳುತ್ತಿದ್ದರು: "ನಿಧಾನ ಬಾ ಮಗಾ. ಗಂಜಿ ಬಿಸಿ ಉಂಟು." ಅಷ್ಟಕ್ಕೇ ಟೀವಿ ಆರಿಸಿಬಿಡುತ್ತಿದ್ದರು.

ಮೂಡುಬಿದಿರೆಗೆ ಕಾಲೇಜಿಗೆ ಹೋದ ಮೇಲೆ ಹಾಸ್ಟೆಲಿನ ಗೆಳತಿಯೊಬ್ಬಳ ಬಳಿ ಅದೇ ಕಂತು ಇಂಗ್ಲಿಷ್ ಅಡಿಬರಹದೊಂದಿಗೆ ಸಿಕ್ಕಿತು. ಅದರಲ್ಲಿ ಗಂಜಿಯೂ ಇರಲಿಲ್ಲ, ತಾಯಿಯೂ ಇರಲಿಲ್ಲ. ಆ ದನಿ ಒಂದು ಯಂತ್ರದ್ದು. ಇಲ್ಲಿ ಯಾರೂ ಉಳಿದಿಲ್ಲ, ಇಳಿಯಬೇಡಿ ಎಂದು ಅದು ಹೇಳುತ್ತಿತ್ತು. ಇಷ್ಟು ವರ್ಷ ಮೋಸಹೋದೆನೆಂದು ಸಿಟ್ಟು ಬಂತು. ಕಾಲೇಜಿನ ಭಿತ್ತಿಪತ್ರಿಕೆಗೆ ನನ್ನ ಮೊದಲ ವಿಮರ್ಶೆ ಬರೆದೆ. 'ಅರಬಿ ಬಾರದ ಕಾಕ' ಎಂದು ತಲೆಬರಹ ಕೊಟ್ಟೆ. ಎಲ್ಲರೂ ನಕ್ಕರು, ನಾನು ಉಬ್ಬಿಹೋದೆ.

ನಮ್ಮ ಕಡೆಯ ಹುಡುಗರು ಅದರ ಜೆರಾಕ್ಸ್ ತೆಗೆದು ಒಯ್ದರು, ಊರಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಗಲ್ಫಿಗೆ ಹೊರಟವರು ವೀಸಾ, ಕರಾರಿನ ಕಾಗದಗಳನ್ನು ಕಾಕನಿಂದಲೇ ಓದಿಸುವುದು ರೂಢಿಯಾಗಿತ್ತು. ಕಾರ್ಟೂನಿನ ಅರಬಿಯೇ ತಿಳಿಯದವರಿಗೆ ಕರಾರಿನ ಅರಬಿ ತಿಳಿದೀತೇ ಎಂದು ಜನ ಕಾಗದ ಓದಿಸಲು ಪಕ್ಕದ ಮೆಲ್ಕಾರ್ ಪೇಟೆಗೆ ಹೋಗತೊಡಗಿದರು. ರಜೆಯಲ್ಲಿ ನಾನು ಅಂಗಡಿಗೆ ಹೋದಾಗ ಕಾಕ ಒಬ್ಬರೇ ಟೇಪು ಒರೆಸುತ್ತಿದ್ದರು.

"ನೀನು ಬರೆದದ್ದು ಓದಿದೆ ಮಗಳೇ. ಸರಿ ಉಂಟು."

"ಮತ್ತೆ ನೀವು ಹಾಗೆ ಯಾಕೆ ಹೇಳಿದ್ದು ಕಾಕ?"

"ಅಲ್ಲಿ ಯಾರೂ ಇಲ್ಲ ಅಂತ ಮಕ್ಕಳಿಗೆ ಹೇಗೆ ಹೇಳುವುದು ಮಾರಾಯ್ತಿ?"

ಅಷ್ಟೇ. ಮತ್ತೆ ಹತ್ತಿ ಅದ್ದಿಕೊಂಡರು. ತಪ್ಪಾಯಿತು ಎನ್ನದೆಯೇ ನಾನು ಹೊರಟು ಬಂದೆ. ಭಿತ್ತಿಪತ್ರಿಕೆಯಲ್ಲಿ ತಿದ್ದುಪಡಿಯನ್ನೂ ಹಾಕಲಿಲ್ಲ, ಜಾಣೆಯೆಂಬ ಹೆಸರು ಹೋದೀತೆಂಬ ಭಯ. ಕಾಕನ ತಾಯಿ ತೀರಿಕೊಂಡಾಗ ಅವರಿಗೆ ಸೌದಿಯಿಂದ ರಜೆ ಸಿಕ್ಕಿರಲಿಲ್ಲ. ಕೊನೆಗೆ ಊರಿಗೆ ಬಂದಾಗ ಮನೆಗೆ ಬೀಗ ಬಿದ್ದಿತ್ತು. ಇದು ಇಡೀ ಪೇಟೆಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೂ ಹಾಗೆ ಬರೆದೆ. ಆಮೇಲೆ ಅವರು ಯಾವ ಮಕ್ಕಳಿಗೂ ಅರ್ಥ ಹೇಳಲಿಲ್ಲವಂತೆ...

ಇವತ್ತು ಆ ಕಂತನ್ನು ಮತ್ತೆ ನೋಡಿದೆ. ಕತ್ತಲೆಯ ಗ್ರಹ ಬಂತು, ಯಂತ್ರ ತನ್ನ ಮಾತು ಹೇಳಿತು, ಹುಡುಗ ತಿರುಗಿ ಹೊರಟ. ಜಾಲತಾಣದವರು ಕೊರತೆಗಳಿಗೆಂದು ಒಂದು ಜಾಗ ಬಿಟ್ಟಿದ್ದರು. 'ಕೊನೆಯಲ್ಲಿ ತಾಯಿ ಕರೆಯುವುದಿಲ್ಲ' ಎಂದು ಬರೆದೆ. ಓದಿ ಸರಿ ಉಂಟು ಎನ್ನಲು ಕಾಕ ಈಗಿಲ್ಲ.