ಎರಡು ಶಾಲೆ, ನಾಲ್ಕು ಜೊತೆ ಶೂ

ಸ್ನೇಹಿತರೇ, ಮಗಳನ್ನು ಕ್ಯಾಥೊಲಿಕ್ ಶಾಲೆಗೆ ಸೇರಿಸುವುದೋ ಆಂಗ್ಲಿಕನ್ ಶಾಲೆಗೋ ಎಂದು ಒಂದು ತಿಂಗಳಿಂದ ಪಟ್ಟಿ ಮಾಡುತ್ತಿದ್ದೆ. ಫೀಸು, ಈಜುಕೊಳ, ನಾವಿರುವ ಪಾಪಟೋಟೊಯಿಯಿಂದ ಬಸ್ಸು, ಎಲ್ಲಕ್ಕೂ ಅಂಕ ಕೊಟ್ಟಾಗ ಆಂಗ್ಲಿಕನ್ ಮುಂದಿತ್ತು. ಹೊಸ ಶಾಲೆ ಎಂದರೇ ಕಣ್ಣು ತುಂಬಿಕೊಳ್ಳುವ ಹತ್ತು ವರ್ಷದ ಮಗಳನ್ನು ಮಾತ್ರ ಕೇಳಿರಲಿಲ್ಲ.

ಇವತ್ತು ನಾನು, ಹೆಂಡತಿ, ಮಗಳು ಎರಡನ್ನೂ ನೋಡಿ ಬಂದೆವು. ಬೆಳಿಗ್ಗೆ ಆಂಗ್ಲಿಕನ್ ಶಾಲೆಯ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರದ, ಬಾಗಿಲಲ್ಲಿ ಮೂವರೂ ಅಭ್ಯಾಸಬಲದಿಂದ ಶೂ ಬಿಚ್ಚಿದೆವು. "ಅದೇನೂ ಬೇಕಾಗಿಲ್ಲ" ಎಂದು ಶಾಲೆಯವರು ಮರ್ಯಾದೆಯಿಂದಲೇ ಹೇಳಿದರು. ನನ್ನ ಕಾಲುಚೀಲದ ತೂತಿನಿಂದ ಇಣುಕಿದ ಹೆಬ್ಬೆರಳನ್ನು ನೋಡಿ ಬೇರೆ ಮಕ್ಕಳು ನಕ್ಕರು. ಮಗಳ ಮುಖ ಬಾಡಿತು.

ಮಧ್ಯಾಹ್ನ ಕ್ಯಾಥೊಲಿಕ್ ಶಾಲೆಯ ಚಾಪೆಲ್ ಮುಂದೆ ಮಗಳು ನನ್ನ ತೋಳು ಹಿಡಿದುಕೊಂಡಳು. "ಡ್ಯಾಡ್, ಪ್ಲೀಸ್, ಕೀಪ್ ಯುವರ್ ಶೂಸ್ ಆನ್."

ಅಷ್ಟರಲ್ಲಿ ನನ್ನ ಹೆಂಡತಿ ಶೂ ಬಿಚ್ಚಿಯಾಗಿತ್ತು. "ದೇವರ ಮುಂದೆ ಶೂ ಹಾಕ್ಕೊಂಡು ನಿಂತ್ಕೊಳಕ್ಕೆ ನನ್ ಕೈಲಾಗಲ್ಲ ಕಣ್ರೀ!"

ಶಾಲೆ ತೋರಿಸುತ್ತಿದ್ದ ವಯಸ್ಸಾದ ಸಿಸ್ಟರ್ ಒಂದು ಕ್ಷಣ ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತು ತಮ್ಮ ಶೂ ಲೇಸಿಗೇ ಕೈಹಾಕಿದರು. ಗಂಟು ಬಿಗಿದುಕೊಂಡಿತ್ತು. ಮಗಳು ಮಂಡಿಯೂರಿ ಬಿಡಿಸಿಕೊಟ್ಟಳು. ಸಿಸ್ಟರ್ ಕಾಲುಚೀಲದಲ್ಲೂ ಒಂದು ತೂತು! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮಗಳೂ ನಾನೂ ಶೂ ಬಿಚ್ಚಿದೆವು.

ಕಾರಿನಲ್ಲಿ ಕೇಳಿದೆ, "ಯಾವ್ದು ಪುಟ್ಟಿ?"

"ದಿಸ್ ಒನ್, ಡ್ಯಾಡ್."

ಪಟ್ಟಿಯಲ್ಲಿ ಈಗಲೂ ಆಂಗ್ಲಿಕನ್ನೇ ಮುಂದಿದೆ. ಅರ್ಜಿ ಮಾತ್ರ ಸಿಸ್ಟರ್ ಶಾಲೆಗೆ ತುಂಬಿದ್ದೇನೆ. ಕ್ಯಾಥೊಲಿಕ್ ಅಲ್ಲದವರಿಗೆ ಅಲ್ಲಿ ಸೀಟು ಕಡಿಮೆ, ಸಿಗಬೇಕಷ್ಟೆ.

"ಇಂಟರ್‌ವ್ಯೂಗೆ ಕರೆದ್ರೆ ಹೊಸ ಕಾಲುಚೀಲ ಹಾಕ್ಕೊಳ್ಳಿ" ಎಂದು ಹೆಂಡತಿಯ ಅಪ್ಪಣೆಯಾಗಿದೆ. ನಾನು ಹಳೆಯದನ್ನೇ ಹಾಕಿಕೊಂಡು ಹೋಗುವವನು. ಅದರ ತೂತಿಗೆ ಅಲ್ಲಿ ಪರಿಚಯದವರಿದ್ದಾರೆ.