ವನಜಾಕ್ಷಿಯ ಹೊಲಕ್ಕೆ ಕುರಿಮಂದೆ ಬಂದದ್ದು

ಕೊಡಿಗೇನಹಳ್ಳಿಯ ವನಜಾಕ್ಷಿ ಒಂದು ಕಡೆ ಸುಮ್ಮನೆ ಕೂತಿದ್ದನ್ನು ನಾನಂತೂ ನೋಡಿಲ್ಲ. ಈ ವರ್ಷ ಮಾತ್ರ ಅವರ ಚಡಪಡಿಕೆ ಮಿತಿ ಮೀರಿತ್ತು. ಟೊಮೆಟೊ ಸಾಲಿಗೆ ಕಳೆ ಬಾರದಂತೆ ಹಾಸಿದ್ದ ಪ್ಲಾಸ್ಟಿಕ್ ಶೀಟನ್ನು ಬೆಳೆ ಮುಗಿದ ಮೇಲೆ ಬಿಡಿಸಿ ತೆಗೆಯಬೇಕಿತ್ತಲ್ಲ, ಗಂಡ ಭೀಮರಾಜು ಅದರ ಮೇಲೆಯೇ ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆಸಿಬಿಟ್ಟಿದ್ದರು! ಕೆಲಸವೇನೋ ಬೇಗ ಮುಗಿಯಿತು. ಆದರೆ ಹೊಲದ ತುಂಬ ಚೂರೋ ಚೂರು.

ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲಿ ಕುರಿಮಂದೆ ಕೂರಿಸಲು ಬಂದ ಕುರಿಗಾಹಿ ಬೋರಯ್ಯ ಬದುವಿನಲ್ಲೇ ನಿಂತರು.

“ಇದೇನ್ ಕಣಮ್ಮ, ಹೊಲನೋ ತಿಪ್ಪೆನೋ? ಇದ್ನ ತಿಂದ್ರೆ ನನ್ ಕುರಿ ಹೊಟ್ಟೆ ಉಬ್ಬರಿಸ್ಕಂಡು ಸಾಯ್ತವೆ. ನಾನ್ ಕೂರ್ಸಲ್ಲ.”

“ಆಯ್ದು ಕೊಡ್ತೀನಿ ಕಣಣ್ಣ. ಪಕ್ಕದ ಹೊಲ ಮುಗ್ಸ್ಕಂಡು ಬಾ.”

“ಅಷ್ಟ್ರಾಗೆ ಮುಗಿತದಾ?”

“ನೀನ್ ಬಾ, ಆಮ್ಯಾಕೆ ನೋಡು.”

ಮೊದಲೆಲ್ಲ ಗುದ್ದಲಿ ಹಾಕಿದ ಕಡೆ ಎರೆಹುಳು ಹೊರಳುತ್ತಿದ್ದವು. ಈಗ ಎಷ್ಟು ಅಗೆದರೂ ಒಂದೂ ಇಲ್ಲ. ಕುರಿ ಹಿಕ್ಕೆಯಾದರೂ ಬಿದ್ದರೆ ಮಣ್ಣು ಚೇತರಿಸಿಕೊಂಡೀತು ಅಂತ ಅವರ ಆಸೆ. ಊಟ ಅರ್ಧಕ್ಕೆ ಬಿಟ್ಟು ಓಡುವುದು, ಬಗ್ಗುವುದು, ಆಯುವುದು. ಹಿಡಿದರೆ ಬೆರಳಲ್ಲೇ ಪುಡಿಯಾಗುತ್ತಿತ್ತು ಆ ಹಾಳು ಶೀಟು.

“ಲೇ, ಅಕ್ಕಿ ಆರ್ಸ್ದಂಗೆ ಹೊಲ ಆರಿಸ್ತೀಯಲ್ಲೇ!” ಭೀಮರಾಜು ರೇಗಿಸಿದರು.

“ಹೊಡ್ಸಿದ್ಯಾರು? ಬಾಯ್ ಮುಚ್ಕಂಡು ಬಗ್ಗು.”

ಬಗ್ಗಿದರು!

ಪಕ್ಕದ ಹೊಲ ಮುಗಿಸಿ ಬಂದ ಬೋರಯ್ಯ ಒಂದು ಸುತ್ತು ಹಾಕಿ, “ಒಪ್ಪವಾಗೈತೆ ಕಣಮ್ಮ, ಕೂರಿಸ್ತೀನಿ” ಅಂದರು. ವನಜಾಕ್ಷಿ ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಇರಬೇಕಲ್ಲ! ಒಂದು ಬೊಗಸೆ ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕದಡಿದರು. ರಾಗಿಕಾಳಿಗಿಂತ ಸಣ್ಣ ಚೂರುಗಳು ತೇಲಿಬಂದವು.

“ನೋಡಣ್ಣ, ಇನ್ನೂ ಐತೆ. ಆಮ್ಯಾಕೆ ನನ್ನ ಬೈಬ್ಯಾಡ.”

ಭೀಮರಾಜು ಹಣೆ ಚಚ್ಚಿಕೊಂಡರು.

ಬೋರಯ್ಯ ನಕ್ಕರು. “ಅಷ್ಟು ಸಣ್ಣದ್ಕೆ ನನ್ ಕುರಿ ಸಾಯಲ್ಲ ಬುಡು. ಎರೆಹುಳದ ಬಾಯಿಗೆ ಸರಿಯಾಗೈತೆ ಅದು. ಬೇಕಾದ್ರೆ ಆ ಹುಳಗಳ್ನೇ ಕೇಳು.”

ಸಂಜೆಗೆ ಮಂದೆ ಬಂತು. ಬಯಸಿದ್ದು ಸಿಕ್ಕಿತು, ಆದರೂ ಹುಳದ ಬಗ್ಗೆ ಬೋರಯ್ಯ ಅಂದಿದ್ದ ಮಾತು ವನಜಾಕ್ಷಿಯನ್ನು ಕೊರೆಯುತ್ತಲೇ ಇತ್ತು. ಮುಂದಿನ ಬೆಳೆಗೆಂದು ಗಂಡ ತಂದಿಟ್ಟಿದ್ದ ಹೊಸ ಶೀಟಿನ ಸುರುಳಿ ತೋರಿಸಿ, “ಅಂಗಡಿಗೆ ವಾಪಸ್ ಕೊಟ್ಟು ಬಾ. ಈ ಸಲ ಕಳೆ ಕೈಲೇ ಕೀಳಾಣ” ಅಂದರು.

“ಎಲ್ಲಾನಾ?”

“ಎಲ್ಲಾನೂ. ನೀನ್ ಆ ಕಡಿಂದ, ನಾನ್ ಈ ಕಡಿಂದ.”

ಭೀಮರಾಜು ಗೊಣಗುತ್ತ ಸುರುಳಿಯನ್ನು ಗಾಡಿಗೆ ಕಟ್ಟಲು ಹಗ್ಗ ಹುಡುಕಿದರು. ವನಜಾಕ್ಷಿ ಮಂದೆಯ ಸುತ್ತ ನಡೆಯುತ್ತ, ಒಂದೊಂದು ಕುರಿಯ ಬಾಯಿಯನ್ನೂ ಬಗ್ಗಿ ಬಗ್ಗಿ ನೋಡುತ್ತಿದ್ದರು.